ಬಹುರಾಷ್ಟ್ರೀಯ ಕಂಪನಿಗಳು ಮತ್ತು ಸ್ಥಳೀಯ ಕವಲು ಉದ್ಯಮಗಳು

ಪರದೇಶದ ಕಂಪನಿಯೊಂದು ಬಂದು ಕಾರ್ಖಾನೆ ತೆರೆದಾಗ ಪತ್ರಿಕೆಗಳಲ್ಲಿ ಮೊದಲಿಗೆ ಪ್ರಕಟವಾಗುವ ಸಂಗತಿಗಳು ಎರಡು. ಎಷ್ಟು ಕೋಟಿ ಬಂಡವಾಳ ಬಂತು, ಎಷ್ಟು ಮಂದಿಗೆ ಉದ್ಯೋಗ ದೊರೆಯಿತು. ಮೂರನೆಯ ಲೆಕ್ಕವೊಂದಿದೆ, ಅದು ಹತ್ತು ಹದಿನೈದು ವರ್ಷಗಳ ಅನಂತರವಷ್ಟೇ ಕಣ್ಣಿಗೆ ಬೀಳುತ್ತದೆ. ಆ ಕಂಪನಿಯ ಗರಡಿಯಲ್ಲಿ ಪಳಗಿದವರಲ್ಲಿ ಎಷ್ಟು ಮಂದಿ ಹೊರಬಂದು ತಮ್ಮದೇ ಬೇರೆ ಒಲೆ ಹೂಡಿದರು ಎಂಬುದೇ ಆ ಲೆಕ್ಕ. ಹೀಗೆ ಹುಟ್ಟಿಕೊಂಡ ಸಂಸ್ಥೆಗಳನ್ನು ಈ ಲೇಖನದಲ್ಲಿ ಕವಲು ಉದ್ಯಮಗಳೆಂದು ಕರೆಯಲಾಗಿದೆ. ಕಂಪನಿ ನೆಲೆಯೂರಿದ ನಾಡನ್ನು ಅರ್ಥಶಾಸ್ತ್ರಜ್ಞರು ಆತಿಥೇಯ ರಾಷ್ಟ್ರವೆನ್ನುತ್ತಾರೆ. ಅತಿಥಿ ಹೊರಟುಹೋದ ಮೇಲೆ ಆತಿಥೇಯನ ಮನೆಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಕವಲು ಉದ್ಯಮಗಳಲ್ಲಿ ಉತ್ತರದ ಒಂದು ಭಾಗವಾದರೂ ದೊರೆಯುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವ ಪೂರೈಕೆದಾರ ಘಟಕಗಳು ಬೇರೆ, ಕವಲು ಉದ್ಯಮಗಳು ಬೇರೆ. ಪೂರೈಕೆದಾರನನ್ನು ಕಂಪನಿಯೇ ಬೇಕೆಂದು ಬೆಳೆಸುತ್ತದೆ; ಕವಲು ಉದ್ಯಮವನ್ನು ಬಹುಮಟ್ಟಿಗೆ ಬೇಡವೆಂದರೂ ತಡೆಯಲಾಗದೆ ಕಳೆದುಕೊಳ್ಳುತ್ತದೆ. ಎರಡೂ ಬೆರೆತಿರುವುದು ಉಂಟು. ಠಾಣೆ-ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲೋ ಪುಣೆಯ ಭೋಸರಿಯಲ್ಲೋ ಒಂದೊಂದು ‘ಗಾಲಾ’ ಹಿಡಿದು ಎರಡು ಲೇತ್ ಯಂತ್ರಗಳಿಂದ ಕೆಲಸ ಆರಂಭಿಸಿದ ಹಳಬರನ್ನು ಮಾತನಾಡಿಸಿದರೆ, ಹಿಂದೆ ತಾವು ದುಡಿದ ಕಂಪನಿಯೇ ತಮ್ಮ ಮೊದಲ ಗಿರಾಕಿ ಎಂದು ಹೇಳುವವರು ಸಿಗುತ್ತಾರೆ.

ಚಟ್ಟಗ್ರಾಮದ ಅಂಗಿಗಳು

ಈ ವಿಷಯದಲ್ಲಿ ಮತ್ತೆ ಮತ್ತೆ ಉದಾಹರಿಸಲ್ಪಡುವ ಪ್ರಸಂಗ ಬಾಂಗ್ಲಾದೇಶದ್ದು. 1970ರ ದಶಕದ ಕೊನೆಯಲ್ಲಿ ಆ ದೇಶದ ಮುಖ್ಯ ರಫ್ತು ಸೆಣಬು. ಸಿದ್ಧ ಉಡುಪುಗಳ ರಫ್ತು ಇಲ್ಲವೇ ಇಲ್ಲವೆನ್ನುವಂತಿರಲಿಲ್ಲ. 1978ರಲ್ಲಿ ಢಾಕಾದ ರಿಯಾಜ್ ಗಾರ್ಮೆಂಟ್ಸ್ ಹತ್ತು ಸಾವಿರ ಅಂಗಿಗಳನ್ನು ಪ್ಯಾರಿಸ್‌ಗೆ ಕಳುಹಿಸಿತ್ತು. ಆದರೆ ಅದನ್ನು ಉದ್ಯಮವೆಂದು ಕರೆಯುವ ಸ್ಥಿತಿ ಇನ್ನೂ ಬಂದಿರಲಿಲ್ಲ.

ಅದೇ ವೇಳೆಗೆ ದಕ್ಷಿಣ ಕೊರಿಯದ ದೇವೂ ಕಂಪನಿಗೆ ಬೇರೊಂದು ಚಿಂತೆ ಇತ್ತು. 1974ರಿಂದ ಜಾರಿಗೆ ಬಂದ ಮಲ್ಟಿ ಫೈಬರ್ ಒಪ್ಪಂದದ ಪ್ರಕಾರ ಅಮೆರಿಕ ಮತ್ತು ಯುರೋಪಿನ ರಾಷ್ಟ್ರಗಳು ಪ್ರತಿಯೊಂದು ಪ್ರಬಲ ರಫ್ತುದಾರ ದೇಶಕ್ಕೂ ಇಷ್ಟೇ ಬಟ್ಟೆ ಎಂಬ ಕೋಟಾ ವಿಧಿಸತೊಡಗಿದ್ದವು. ಕೊರಿಯದ ಪಾಲು ತುಂಬಿಹೋಗಿತ್ತು. ರಫ್ತು ಮಾಡದ ದೇಶಕ್ಕೆ ಕೋಟಾದ ಕಟ್ಟೂ ಇಲ್ಲ. ಹೀಗಾಗಿ ದೇವೂ ಅಧ್ಯಕ್ಷ ಕಿಮ್ ವೂ-ಚೂಂಗ್ ಅವರ ದೃಷ್ಟಿ ಬಾಂಗ್ಲಾದೇಶದ ಮೇಲೆ ಬಿತ್ತು. ಅಲ್ಲಿ ಅವರಿಗೆ ದೊರೆತ ಜೊತೆಗಾರ ನೂರುಲ್ ಕಾದರ್. ಇವರು ವ್ಯಾಪಾರಿ ಮನೆತನದವರಲ್ಲ, 1971ರ ವಿಮೋಚನಾ ಯುದ್ಧದ ಕಾಲದ ತಾತ್ಕಾಲಿಕ ಸರ್ಕಾರದಲ್ಲಿ ಕಾರ್ಯದರ್ಶಿಯಾಗಿದ್ದ ಆಡಳಿತ ಸೇವೆಯ ಅಧಿಕಾರಿ. ಅವರು ಸ್ಥಾಪಿಸಿದ ಸಂಸ್ಥೆ ದೇಶ್ ಗಾರ್ಮೆಂಟ್ಸ್.

1978ರ ಜುಲೈಯಲ್ಲಿ ಆದ ಒಪ್ಪಂದದ ಸ್ವರೂಪ ಗಮನಾರ್ಹ. ದೇವೂ ಒಂದು ಪಾಲನ್ನೂ ಕೊಳ್ಳಲಿಲ್ಲ. ಕಾರ್ಖಾನೆ ಪೂರ್ತಿಯಾಗಿ ಸ್ಥಳೀಯರದು. ತಂತ್ರಜ್ಞಾನ, ತರಬೇತಿ, ಮಾರುಕಟ್ಟೆ ಕೊರಿಯದವರದು. ಪ್ರತಿಫಲವಾಗಿ ಮಾರಾಟದ ಮೇಲೆ ದೇವೂಗೆ ಗೌರವಧನ ಮತ್ತು ದಲ್ಲಾಳಿ ಶುಲ್ಕ ಸಲ್ಲಬೇಕು. 1979ರಲ್ಲಿ ದೇಶ್ ಸಂಸ್ಥೆ ತನ್ನ 130 ಮಂದಿ ನೌಕರರನ್ನು ಪುಸಾನ್ ನಗರದಲ್ಲಿದ್ದ ದೇವೂ ಕಾರ್ಖಾನೆಗೆ ಆರು ತಿಂಗಳ ತರಬೇತಿಗೆ ಕಳುಹಿಸಿತು. ಅವರಲ್ಲಿ ಮಹಿಳೆಯರೂ ಇದ್ದರು. ಮನೆಯ ಹೆಣ್ಣುಮಕ್ಕಳನ್ನು ಹೊರದೇಶದ ಕಾರ್ಖಾನೆಗೆ ಕಳುಹಿಸುವುದು ಆ ಕಾಲದ ಬಂಗಾಳಿ ಮುಸ್ಲಿಂ ಮಧ್ಯಮವರ್ಗಕ್ಕೆ ಸಣ್ಣ ಮಾತಾಗಿರಲಿಲ್ಲ. ಕತ್ತರಿಸುವುದು, ಹೊಲಿಯುವುದು ಮಾತ್ರವಲ್ಲ. ಸಾಲು ಜೋಡಣೆ, ಗುಣಮಟ್ಟದ ತಪಾಸಣೆ, ಯಂತ್ರಗಳ ದುರಸ್ತಿ, ಪರದೇಶದ ಗಿರಾಕಿಯೊಡನೆ ಪತ್ರವ್ಯವಹಾರ, ಇವೆಲ್ಲವನ್ನೂ ಅವರು ಅಲ್ಲಿ ಕಲಿತು ಬಂದರು.

1980ರಲ್ಲಿ ಚಟ್ಟಗ್ರಾಮದ ಕಾಲೂರ್‌ಘಾಟ್‌ನಲ್ಲಿ ಉತ್ಪಾದನೆ ಆರಂಭವಾಯಿತು. ಮೊದಲ ವರ್ಷ ತಯಾರಾದ ಅಂಗಿಗಳು 43,000. ಒಟ್ಟು ಬೆಲೆ 55,050 ಡಾಲರ್. 1987ರ ಹೊತ್ತಿಗೆ ಅಂಗಿಗಳ ಸಂಖ್ಯೆ 23 ಲಕ್ಷಕ್ಕೆ ಏರಿತ್ತು. ಒಪ್ಪಂದವನ್ನು ದೇಶ್ ಸಂಸ್ಥೆ 1981ರಲ್ಲೇ, ಎಂದರೆ ಉತ್ಪಾದನೆ ಆರಂಭವಾಗಿ ಒಂದೆರಡು ವರ್ಷ ತುಂಬುವ ಮೊದಲೇ, ಕೊನೆಗೊಳಿಸಿ ತಾನೇ ಗಿರಾಕಿಗಳನ್ನು ಹುಡುಕತೊಡಗಿತು. ಶಿಷ್ಯ ಗುರುವಿನ ಕೈಬಿಟ್ಟ. ಆದರೆ ಆ ಶಿಷ್ಯನಿಗೂ ಅದೇ ಅನುಭವ ಕಾದಿತ್ತು. ಪುಸಾನ್‌ಗೆ ಹೋಗಿಬಂದ 130 ಮಂದಿಯಲ್ಲಿ 115 ಮಂದಿ 1980ರ ದಶಕದಲ್ಲಿ ದೇಶ್ ಸಂಸ್ಥೆಯನ್ನು ಬಿಟ್ಟರು. ಕೆಲವರು ಸ್ವಂತ ಕಾರ್ಖಾನೆ ತೆರೆದರು. ಮಿಕ್ಕವರು ಹೊಸದಾಗಿ ಹುಟ್ಟುತ್ತಿದ್ದ ಬೇರೆ ಕಾರ್ಖಾನೆಗಳಲ್ಲಿ ಮೇಲ್ವಿಚಾರಕರಾಗಿ, ವ್ಯವಸ್ಥಾಪಕರಾಗಿ ಸೇರಿದರು.

ಅವರು ಹೊತ್ತೊಯ್ದದ್ದು ಹೊಲಿಗೆಯ ವಿದ್ಯೆಯನ್ನಷ್ಟೇ ಅಲ್ಲ. ವಾಸ್ತವವಾಗಿ ಹೊಲಿಗೆಗಿಂತ ಕಠಿಣವಾದ ಎರಡು ತೊಡಕುಗಳನ್ನು ದೇಶ್-ದೇವೂ ಜೋಡಿ ಬಿಡಿಸಿತ್ತು. ಒಂದು ಸುಂಕದ ತೊಡಕು. ಬಟ್ಟೆಯನ್ನು ಆಮದು ಮಾಡಿಕೊಂಡು ಅಂಗಿಯಾಗಿ ರಫ್ತು ಮಾಡುವವನು ಆಮದಿನ ಮೇಲೆ ಭಾರಿ ಸುಂಕ ತೆರಬೇಕಾದರೆ ವ್ಯಾಪಾರ ಗಿಟ್ಟದು. ಇದಕ್ಕಾಗಿ ಸುಂಕ ಇಲಾಖೆಯ ಮೇಲ್ವಿಚಾರಣೆಯಲ್ಲಿ ಬಟ್ಟೆಯನ್ನು ದಾಸ್ತಾನಿಟ್ಟು, ರಫ್ತಾಗುವ ಸರಕಿಗೆ ಸುಂಕವಿಲ್ಲದೆ ಬಳಸುವ ಬಾಂಡೆಡ್ ಉಗ್ರಾಣದ ಪದ್ಧತಿ ಜಾರಿಗೆ ಬಂತು. ಇನ್ನೊಂದು ಹಣದ ತೊಡಕು. ವಿದೇಶಿ ವಿನಿಮಯದ ಬರದಲ್ಲಿದ್ದ ದೇಶದಲ್ಲಿ ಬಟ್ಟೆ ಕೊಳ್ಳಲು ಡಾಲರ್ ಎಲ್ಲಿಂದ ತರಬೇಕು? ವಿದೇಶಿ ಗಿರಾಕಿ ಅಂಗಿಗಳಿಗಾಗಿ ತೆರೆದ ಸಾಲಪತ್ರವನ್ನೇ ಆಧಾರವಾಗಿ ತೋರಿಸಿ ಬಟ್ಟೆಗಾಗಿ ಇನ್ನೊಂದು ಸಾಲಪತ್ರವನ್ನು ಬ್ಯಾಂಕಿನಿಂದ ತೆರೆಸುವುದು ಇದಕ್ಕೆ ದೊರೆತ ಪರಿಹಾರ. ಅಂಗಿಯ ಹಣ ಬಂದಾಗ ಬಟ್ಟೆಯ ಬಾಕಿ ತೀರುತ್ತದೆ. ಬ್ಯಾಕ್ ಟು ಬ್ಯಾಕ್ ಎಲ್‌ಸಿ ಎಂದು ವ್ಯಾಪಾರಿಗಳಲ್ಲಿ ಪ್ರಸಿದ್ಧವಾದ ಈ ಉಪಾಯ ಕೈಯಲ್ಲಿ ಬಂಡವಾಳವಿಲ್ಲದವನೂ ಕಾರ್ಖಾನೆ ತೆರೆಯುವಂತೆ ಮಾಡಿತು. ನಮ್ಮ ಅಭಿಪ್ರಾಯದಲ್ಲಿ 115 ಮಂದಿಯ ಕಥೆಯನ್ನು ಹೇಳುವವರು ಈ ಭಾಗವನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ಕೆಲಸ ಬಲ್ಲವರು ಹೊರಬಂದರೂ ಸುಂಕದ ಕಟ್ಟೆ ಮತ್ತು ಬ್ಯಾಂಕಿನ ಬಾಗಿಲು ಮುಚ್ಚಿದ್ದರೆ ಅವರು ಇನ್ನೊಬ್ಬರ ಬಳಿ ಸಂಬಳಕ್ಕೆ ನಿಲ್ಲುವುದರ ಹೊರತು ಬೇರೆ ದಾರಿ ಇರುತ್ತಿರಲಿಲ್ಲ.

1985ರಲ್ಲಿ ಅಮೆರಿಕ ಬಾಂಗ್ಲಾದೇಶಕ್ಕೂ ಕೋಟಾ ವಿಧಿಸಿತು. ಏಳು ವರ್ಷಗಳ ಹಿಂದೆ ಯಾರ ಲೆಕ್ಕಕ್ಕೂ ಇಲ್ಲದಿದ್ದ ದೇಶ ಕೋಟಾಕ್ಕೆ ಒಳಗಾಗುವಷ್ಟು ಬೆಳೆದಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ. 2004ರ ಕೊನೆಗೆ ಕೋಟಾ ಪದ್ಧತಿಯೇ ಅಂತ್ಯಗೊಂಡಾಗ ಈ ಉದ್ಯಮ ಚೀನಾದ ಮುಂದೆ ಕುಸಿಯುವುದೆಂದು ಹಲವರು ಭವಿಷ್ಯ ನುಡಿದಿದ್ದರು. ಹಾಗಾಗಲಿಲ್ಲ. ಇಂದು ಬಾಂಗ್ಲಾದೇಶದ ಸರಕು ರಫ್ತಿನ ನೂರಕ್ಕೆ 80ಕ್ಕೂ ಹೆಚ್ಚು ಭಾಗ ಸಿದ್ಧ ಉಡುಪುಗಳದ್ದೇ. ಸುಮಾರು 40 ಲಕ್ಷ ಮಂದಿ ಈ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ, ಅವರಲ್ಲಿ ಹೆಚ್ಚಿನವರು ಮಹಿಳೆಯರು.

ಬೆಳಕಿನ ಜೊತೆಗೆ ಕತ್ತಲೆಯನ್ನೂ ಹೇಳಬೇಕು. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಾಣಿಸಿತ್ತು. ಆದರೂ ಕೆಲಸಗಾರರನ್ನು ಒಳಗೆ ಕರೆಯಲಾಯಿತು. ಆ ಕಟ್ಟಡದಲ್ಲಿದ್ದವು ಸ್ಥಳೀಯ ಮಾಲೀಕರ ಕಾರ್ಖಾನೆಗಳೇ, ಹೊಲಿಯುತ್ತಿದ್ದುದು ಪಾಶ್ಚಾತ್ಯ ಮಳಿಗೆಗಳಿಗಾಗಿ. ಮಾಲೀಕ ಸ್ವದೇಶಿಯಾದ ಮಾತ್ರಕ್ಕೆ ಕೆಲಸಗಾರನಿಗೆ ಕ್ಷೇಮವೆಂದು ತಿಳಿಯಲು ಆಧಾರವಿಲ್ಲ. ಹೊಲಿಗೆಯ ಸಾಲನ್ನು ನಡೆಸುವ ವಿದ್ಯೆ ಪುಸಾನ್‌ನಿಂದ ಬಂತು. ಕಟ್ಟಡದ ತಪಾಸಣೆ, ಕಾರ್ಮಿಕ ಸಂಘ, ಕಾರ್ಖಾನೆ ಕಾಯಿದೆ, ಇವುಗಳನ್ನು ಯಾವ ಕಂಪನಿಯೂ ತಂದುಕೊಡುವುದಿಲ್ಲ.

ಇನ್ನೊಂದು ವಿಚಿತ್ರ. ದೇವೂ ಸಮೂಹ 1999ರಲ್ಲಿ ಸಾಲದ ಹೊರೆಯಿಂದ ಮುರಿದುಬಿತ್ತು, ಕಿಮ್ ವೂ-ಚೂಂಗ್ ದೇಶಬಿಟ್ಟು ಹೋದರು. ದೇಶ್ ಗಾರ್ಮೆಂಟ್ಸ್ ಢಾಕಾ ಷೇರು ಪೇಟೆಯಲ್ಲಿ ಇಂದಿಗೂ ಒಂದು ಸಣ್ಣ ಹೆಸರು. ಬೆಳೆದು ದೊಡ್ಡದಾದದ್ದು ಅದನ್ನು ಬಿಟ್ಟುಹೋದವರ ದಾರಿ.

ಪೆನಾಂಗ್

ಮಲೇಷ್ಯದ ಪೆನಾಂಗ್ ದ್ವೀಪದ ಕಥೆ ನಿಧಾನಗತಿಯದು. ಸುಂಕರಹಿತ ಬಂದರೆಂಬ ಸ್ಥಾನ ಕಳೆದುಕೊಂಡು ನಿರುದ್ಯೋಗದಲ್ಲಿ ನರಳುತ್ತಿದ್ದ ಈ ದ್ವೀಪದ ಮುಖ್ಯಮಂತ್ರಿ ಲಿಮ್ ಚೋಂಗ್ ಯೂ 1970ರ ದಶಕದ ಆರಂಭದಲ್ಲಿ ಬಾಯಾನ್ ಲೆಪಾಸ್‌ನಲ್ಲಿ ಮುಕ್ತ ವಾಣಿಜ್ಯ ವಲಯ ತೆರೆದರು. ಇಂಟೆಲ್ ತನ್ನ ದೇಶದ ಹೊರಗಿನ ಮೊದಲ ಜೋಡಣಾ ಘಟಕವನ್ನು 1972ರಲ್ಲಿ ಇಲ್ಲೇ ಆರಂಭಿಸಿತು. ಎಎಂಡಿ, ನ್ಯಾಷನಲ್ ಸೆಮಿಕಂಡಕ್ಟರ್, ಹ್ಯೂಲೆಟ್-ಪ್ಯಾಕರ್ಡ್, ಬಾಷ್, ಹಿಟಾಚಿ ಮೊದಲಾಗಿ ಆಗ ಬಂದ ಎಂಟು ಕಂಪನಿಗಳನ್ನು ಅಲ್ಲಿನವರು ‘ಎಂಟು ಸಮುರಾಯ್‌ಗಳು’ ಎನ್ನುತ್ತಾರೆ.

ಚಟ್ಟಗ್ರಾಮದಲ್ಲಿ ಒಂದೆರಡು ವರ್ಷಗಳಲ್ಲಿ ಆದದ್ದು ಇಲ್ಲಿ ಆಗಲು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡಿಯಿತು. ಇಂಟೆಲ್‌ನ ಹಳೆಯ ನೌಕರರಿಂದ 1991ರಲ್ಲಿ ಗ್ಲೋಬ್‌ಟ್ರಾನಿಕ್ಸ್ ಹುಟ್ಟಿತು. ಹ್ಯೂಲೆಟ್-ಪ್ಯಾಕರ್ಡ್ ಬಳಗದಲ್ಲಿ ದುಡಿದ ಎಂಜಿನಿಯರುಗಳು 2000ದಲ್ಲಿ ಆರಂಭಿಸಿದ ವಿಟ್ರಾಕ್ಸ್, ಚಿಪ್‌ಗಳನ್ನು ಕ್ಯಾಮೆರಾ ಕಣ್ಣಿನಿಂದ ಪರೀಕ್ಷಿಸುವ ಯಂತ್ರಗಳನ್ನು ತಯಾರಿಸಿ ಹಲವು ದೇಶಗಳಿಗೆ ಮಾರುತ್ತದೆ. ಅಂಗಿಯ ಕಾರ್ಖಾನೆಗೆ ಆರು ತಿಂಗಳ ತರಬೇತಿ ಸಾಕಾಯಿತು, ಚಿಪ್‌ಗೆ ಸಾಲದು. 1989ರಲ್ಲಿ ಸರ್ಕಾರ ಮತ್ತು ಕಂಪನಿಗಳು ಕೂಡಿ ಅಲ್ಲಿ ಸ್ಥಾಪಿಸಿದ ಕೌಶಲ ಕೇಂದ್ರವೂ ಇದಕ್ಕೆ ನೆರವಾಯಿತು.

ಭಾರತದ ಅನುಭವ

ನಮ್ಮ ದೇಶದಲ್ಲಿ ಮೊದಲ ದೊಡ್ಡ ಪ್ರಸಂಗ ಉಂಟಾದದ್ದು ಕಂಪನಿಯೊಂದು ಬಂದಾಗ ಅಲ್ಲ, ಹೋದಾಗ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ ಬಹುತೇಕ ವಿದೇಶಿ ಕಂಪನಿಗಳ ಪಾಲನ್ನು ನೂರಕ್ಕೆ 40ಕ್ಕೆ ಇಳಿಸಬೇಕೆಂದು ವಿಧಿಸಿತು. ಒಪ್ಪದ ಐಬಿಎಂ 1978ರಲ್ಲಿ ಗಂಟುಮೂಟೆ ಕಟ್ಟಿತು. ಅದರ ಗಣಕಗಳ ಉಸ್ತುವಾರಿಯನ್ನು ಸರ್ಕಾರಿ ಸ್ವಾಮ್ಯದ ಸಿಎಂಸಿ ವಹಿಸಿಕೊಂಡಿತು. ಐಬಿಎಂನ ಹಳೆಯ ನೌಕರರು ಕೂಡಿ ಐಡಿಎಂ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಸಿಎಂಸಿಯ ಎಂಜಿನಿಯರುಗಳು ಐಬಿಎಂ ಯಂತ್ರಗಳಷ್ಟೇ ಅಲ್ಲದೆ ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನೂ ರಿಪೇರಿ ಮಾಡಬೇಕಾಗಿ ಬಂದುದರಿಂದ ಅವರ ಅನುಭವ ವಿಸ್ತಾರವಾಯಿತು. ಅದೇ ಹೊತ್ತಿನಲ್ಲಿ ಕೋಕಾ ಕೋಲಾ ಬಿಟ್ಟುಹೋದ ಜಾಗದಲ್ಲಿ ಮುಂಬಯಿಯ ಪಾರ್ಲೆಯವರ ಥಮ್ಸ್ ಅಪ್ ತಲೆಯೆತ್ತಿತು. ಆದರೆ ಅದು ಕವಲಲ್ಲ, ತೆರವಾದ ಜಾಗದಲ್ಲಿ ನೆಟ್ಟ ಬೇರೆಯೇ ಗಿಡ. 1993ರಲ್ಲಿ ಮರಳಿ ಬಂದ ಕೋಕಾ ಕೋಲಾ ಅದನ್ನೇ ಕೊಂಡುಕೊಂಡದ್ದು ಮುಂಬಯಿಗರಿಗೆ ಗೊತ್ತಿರುವ ವಿಷಯ.

ಇದೇ ಕಾಯಿದೆಯ ನೆರಳಿನಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆ ಬೆಂಗಳೂರಿನ ಬಯೋಕಾನ್. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರ ಓದಿ ಬಂದ ಕಿರಣ್ ಮಜುಂದಾರ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಭಾರತದ ಬ್ರೂವರಿಗಳಲ್ಲಿ ತಕ್ಕ ಹುದ್ದೆ ದೊರೆಯಲಿಲ್ಲ. 1978ರಲ್ಲಿ ಐರ್ಲೆಂಡಿನ ಬಯೋಕಾನ್ ಬಯೋಕೆಮಿಕಲ್ಸ್ ಕಂಪನಿಯ ಪಾಲುಗಾರಿಕೆಯಲ್ಲಿ, ಹತ್ತು ಸಾವಿರ ರೂಪಾಯಿ ಮೂಲಧನದೊಡನೆ, ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಅವರು ಕೆಲಸ ಆರಂಭಿಸಿದರು. ಮೊದಲ ಸರಕುಗಳು ಪರಂಗಿ ಹಣ್ಣಿನಿಂದ ತೆಗೆಯುವ ಪಪೈನ್ ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ಪಡೆಯುವ ಐಸಿಂಗ್ಲಾಸ್. ಎರಡೂ ಬಿಯರನ್ನು ತಿಳಿಯಾಗಿಸಲು ಬಳಕೆಯಾಗುವಂಥವು. ಕಾಯಿದೆಯಿಂದಾಗಿ ಐರಿಷ್ ಕಂಪನಿಗೆ ಕಡಿಮೆ ಪಾಲು. ಹೆಚ್ಚಿನ ಪಾಲು ಭಾರತೀಯರದು. 1989ರಲ್ಲಿ ಮೂಲ ಕಂಪನಿಯನ್ನು ಯೂನಿಲಿವರ್ ಕೊಂಡಿತು. 1998ರಲ್ಲಿ ಯೂನಿಲಿವರ್ ತನ್ನ ಪಾಲನ್ನು ಬೆಂಗಳೂರಿನವರಿಗೆ ಬಿಟ್ಟುಕೊಟ್ಟು ಹೊರನಡೆಯಿತು. 2004ರಲ್ಲಿ ಷೇರು ಪೇಟೆಗೆ ಬಂದ ಮೊದಲ ದಿನವೇ ಸಂಸ್ಥೆಯ ಮೌಲ್ಯ ನೂರು ಕೋಟಿ ಡಾಲರ್ ದಾಟಿತ್ತು. ಐರಿಷ್ ಹೆಸರೊಂದು ಬೆಂಗಳೂರಿನದೇ ಆಗಿ ಉಳಿಯಿತು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ನಗರದಲ್ಲಿ ದೂರವಾಣಿ ಸಂಪರ್ಕ ಪಡೆಯುವುದೇ ವರ್ಷಗಟ್ಟಲೆ ಕಾಯುವ ಕೆಲಸ. ಆ ಕಂಪನಿ ಉಪಗ್ರಹ ಸಂಪರ್ಕದ ಮೂಲಕ ತನ್ನ ವಿನ್ಯಾಸಗಳನ್ನು ಅಮೆರಿಕಕ್ಕೆ ಕಳುಹಿಸತೊಡಗಿತು. ತಟ್ಟೆ ಆಂಟೆನಾದ ಭಾಗಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರೆಂದು ಇಂದಿಗೂ ಹೇಳುವುದುಂಟು. ಅಲ್ಲಿ ಚಿಪ್ ವಿನ್ಯಾಸ ಕಲಿತ ತಲೆಮಾರಿನಿಂದ ಹೊರಬಂದ ಕವಲುಗಳಲ್ಲಿ ಇತ್ತಿಯಂ ಸಿಸ್ಟಮ್ಸ್ ಒಂದು. ಭಾರತದ ಘಟಕದ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ಶ್ರೀನಿ ರಾಜಂ ಮತ್ತು ಸಹೋದ್ಯೋಗಿಗಳು ಇದನ್ನು 2001ರಲ್ಲಿ ಕಟ್ಟಿದರು. ‘ನಾನು ಯೋಚಿಸುತ್ತೇನೆ, ಆದ್ದರಿಂದ ನಾನಿದ್ದೇನೆ’ ಎಂಬ ಮಾತಿನ ಇಂಗ್ಲಿಷ್ ರೂಪದ ಮೊದಲಕ್ಷರಗಳಿಂದ ಹೆಣೆದ ಹೆಸರದು. ಗಂಟೆಯ ಲೆಕ್ಕದಲ್ಲಿ ಕೆಲಸ ಮಾಡಿಕೊಡುವುದು ಮಾಮೂಲಾಗಿದ್ದ ಊರಿನಲ್ಲಿ ಸ್ವಂತ ಬೌದ್ಧಿಕ ಸ್ವತ್ತನ್ನು ಪರವಾನಗಿ ಮೂಲಕ ಮಾರುವ ದಾರಿಯನ್ನು ಅದು ಆರಿಸಿಕೊಂಡಿತು.

ಕೈಯಿಂದ ಕೈಗೆ ದಾಟುವ ವಿದ್ಯೆ ಕೆಲವೊಮ್ಮೆ ಎರಡು ಮೆಟ್ಟಿಲು ಇಳಿಯುತ್ತದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ತಯಾರಿಕೆಗೆ ಇಳಿಯಿತು. ಎಚ್‌ಎಂಟಿಯಲ್ಲಿ ಪಳಗಿದ ಹಲವರು 1984ರಲ್ಲಿ ಸ್ಥಾಪನೆಯಾದ ಟೈಟಾನ್‌ಗೆ ಸೇರಿದರು. ಕಾರ್ಖಾನೆ ಗಡಿಯಾಚೆಯ ಹೊಸೂರಿನಲ್ಲಿ. ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆಯಿತ್ತಿತು. ನಮ್ಮ ಮನೆಗಳ ಕಪಾಟುಗಳಲ್ಲಿ ಮದುವೆಗೆ ಬಂದ ಎಚ್‌ಎಂಟಿ ಗಡಿಯಾರ ಇನ್ನೂ ಇದ್ದೀತು.

ಹೊರಹೋಗುವವನ ಹಕ್ಕು

ಕಂಪನಿಯ ಖರ್ಚಿನಲ್ಲಿ ಕಲಿತವನು ಕಲಿತದ್ದನ್ನು ಹೊತ್ತು ಹೋಗಬಹುದೇ? ಇದು ನೀತಿಯ ಪ್ರಶ್ನೆಯಾಗಿರುವಂತೆಯೇ ಕಾನೂನಿನ ಪ್ರಶ್ನೆಯೂ ಹೌದು. ಇದಕ್ಕೆ ಭಾರತೀಯ ನ್ಯಾಯಾಲಯದಲ್ಲಿ ಬಂದ ಒಂದು ಮುಖ್ಯ ಉತ್ತರ ಮುಂಬಯಿ ಬಳಿಯ ಕಾರ್ಖಾನೆಯಿಂದಲೇ ಹುಟ್ಟಿತು. ಕಲ್ಯಾಣದ ಸೆಂಚುರಿ ರೇಯಾನ್, ಟೈರಿಗೆ ಬೇಕಾದ ನೂಲಿನ ತಯಾರಿಕೆಗಾಗಿ ಹಾಲೆಂಡಿನ ಎಕೆಯು ಕಂಪನಿಯಿಂದ ತಂತ್ರಜ್ಞಾನ ಪಡೆದಿತ್ತು. ಗುಟ್ಟನ್ನು ಕಾಯುವಂತೆ ನೌಕರರಿಂದ ಬರೆಸಿಕೊಳ್ಳುವುದು ಒಪ್ಪಂದದ ಷರತ್ತು. ಐದು ವರ್ಷದ ಕರಾರಿಗೆ ಸಹಿ ಮಾಡಿದ ಮೇಲ್ವಿಚಾರಕನೊಬ್ಬ ಎರಡು ವರ್ಷವೂ ತುಂಬುವ ಮೊದಲೇ ಹೆಚ್ಚಿನ ಸಂಬಳಕ್ಕೆ ಕೋಟಾ ನಗರದ ಪ್ರತಿಸ್ಪರ್ಧಿ ಕಾರ್ಖಾನೆ ಸೇರಿದ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪಿತ್ತು, ಕರಾರಿನ ಅವಧಿ ಮುಗಿಯುವವರೆಗೆ ಆತ ಅಂಥ ಕೆಲಸ ಮಾಡಕೂಡದೆಂದಿತು.

ಆದರೆ ಕರಾರು ಮುಗಿದ ಮೇಲೆ? 1872ರ ಭಾರತೀಯ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ ಒಬ್ಬನು ತನ್ನ ನ್ಯಾಯಸಮ್ಮತ ವೃತ್ತಿ ಅಥವಾ ವ್ಯಾಪಾರ ನಡೆಸದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ಅನೂರ್ಜಿತ. ವ್ಯಾಪಾರವನ್ನೇ ಮಾರಿದವನ ವಿಷಯದಲ್ಲಿ ಮಾತ್ರ ವಿನಾಯಿತಿಯುಂಟು. ನೌಕರಿ ಬಿಟ್ಟ ಮೇಲೂ ಪ್ರತಿಸ್ಪರ್ಧೆ ಮಾಡಬಾರದೆಂಬ ಷರತ್ತುಗಳನ್ನು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಊರ್ಜಿತಗೊಳಿಸುವುದಿಲ್ಲ. ಗುಟ್ಟಿನ ಕಾಗದಪತ್ರ, ಗಿರಾಕಿಗಳ ಪಟ್ಟಿ, ಪೇಟೆಂಟು ಇವು ಕಂಪನಿಯವು. ಕೈಗೆ ಹತ್ತಿದ ಕಸುಬು ಕೆಲಸಗಾರನದು. ಕವಲು ಉದ್ಯಮ ಕಟ್ಟುವ ಯುವಕರು ಸೇರುವಾಗ ಸಹಿ ಮಾಡಿದ ಪತ್ರವನ್ನು ಒಮ್ಮೆ ತೆಗೆದು ಓದಿಕೊಳ್ಳುವುದು ಒಳ್ಳೆಯದು, ಅದರಲ್ಲಿ ಬರೆದದ್ದೆಲ್ಲವೂ ನಡೆಯುತ್ತದೆಂದು ಹೆದರಬೇಕಾಗಿಲ್ಲ.

ಶ್ರೀಪೆರಂಬುದೂರು

ಎಲ್ಲ ಕಂಪನಿಗಳೂ ಕವಲೊಡೆಯುವುದಿಲ್ಲ. ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ 2006ರಲ್ಲಿ ಆರಂಭವಾದ ನೋಕಿಯಾ ಕಾರ್ಖಾನೆ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಮೊಬೈಲ್ ಕಾರ್ಖಾನೆಗಳಲ್ಲಿ ಒಂದಾಗಿತ್ತು; ಸುಮಾರು ಎಂಟು ಸಾವಿರ ಮಂದಿ ನೇರವಾಗಿ ಅಲ್ಲಿ ದುಡಿದರು. ಸುತ್ತಮುತ್ತ ಬಿಡಿಭಾಗ ಪೂರೈಸುತ್ತಿದ್ದ ಪ್ರಮುಖ ಘಟಕಗಳೂ ಫಾಕ್ಸ್‌ಕಾನ್‌ನಂಥ ವಿದೇಶಿ ಕಂಪನಿಗಳವೇ. ತೆರಿಗೆ ವ್ಯಾಜ್ಯದ ಕಾರಣ ಆಸ್ತಿ ಮುಟ್ಟುಗೋಲಾಗಿದ್ದರಿಂದ 2014ರಲ್ಲಿ ನೋಕಿಯಾದ ಮೊಬೈಲ್ ವ್ಯವಹಾರವನ್ನು ಮೈಕ್ರೋಸಾಫ್ಟ್ ಕೊಂಡಾಗ ಈ ಕಾರ್ಖಾನೆ ಹೊರಗುಳಿಯಿತು. ಅದೇ ವರ್ಷ ನವೆಂಬರ್ 1ರಂದು ಉತ್ಪಾದನೆ ನಿಂತಿತು. ಮರುತಿಂಗಳು ಫಾಕ್ಸ್‌ಕಾನ್ ಘಟಕವೂ ಬಾಗಿಲು ಹಾಕಿತು.

ಅಲ್ಲಿ ದುಡಿದವರಲ್ಲಿ ಹೆಚ್ಚಿನವರು ಸುತ್ತಲಿನ ಊರುಗಳಿಂದ ಬಂದ ಇಪ್ಪತ್ತರ ಆಸುಪಾಸಿನ ತರುಣ ತರುಣಿಯರು. ಮೊಬೈಲಿನ ಒಂದು ಭಾಗವನ್ನು ಇನ್ನೊಂದಕ್ಕೆ ಕೂಡಿಸುವುದರಲ್ಲಿ ಅವರು ನಿಪುಣರಾಗಿದ್ದರು. ಆದರೆ ಭಾಗಗಳ ಖರೀದಿ, ಬ್ಯಾಂಕಿನ ವ್ಯವಹಾರ, ಗಿರಾಕಿಯೊಡನೆ ಮಾತುಕತೆ, ಇವೆಲ್ಲ ನಡೆಯುತ್ತಿದ್ದುದು ಬೇರೆಲ್ಲೋ. ಪುಸಾನ್‌ನಲ್ಲಿ 130 ಮಂದಿಗೆ ತೆರೆದಿದ್ದ ಕೋಣೆಗಳು ಇವರಿಗೆ ತೆರೆದಿರಲಿಲ್ಲ. ಇತ್ತ ಮೊಬೈಲ್ ಜೋಡಿಸುವುದಕ್ಕೆ ಹೊಲಿಗೆ ಯಂತ್ರಗಳಿಗಿಂತ ಎಷ್ಟೋ ಪಟ್ಟು ಬಂಡವಾಳ ಬೇಕೆಂಬುದನ್ನೂ ಮರೆಯುವಂತಿಲ್ಲ.

ಐದು ವರ್ಷ ಪಾಳುಬಿದ್ದಿದ್ದ ಆ ಕಾರ್ಖಾನೆಯನ್ನು ಕೊಳ್ಳಲು 2019ರ ನವೆಂಬರಿನಲ್ಲಿ ಸಾಲ್‌ಕಾಂಪ್ ಎಂಬ ಕಂಪನಿ ಮುಂದೆ ಬಂತು. ಈಗ ಅಲ್ಲಿ ಮೊಬೈಲ್ ಚಾರ್ಜರುಗಳು ತಯಾರಾಗುತ್ತವೆ. ಸಾಲ್‌ಕಾಂಪ್ ಫಿನ್ಲೆಂಡಿನ ಕಂಪನಿ. 1999ರವರೆಗೆ ಅದು ನೋಕಿಯಾದ್ದೇ ಒಂದು ವಿಭಾಗವಾಗಿತ್ತು, ಇಂದು ಚೀನಾದ ಒಡೆತನದಲ್ಲಿದೆ.